ಹೆಗಲ ಮೇಲಿನ ಟವೆಲ್

ಪುಣೆ ಹತ್ತಿರ ಚಾಕಣದ ನಮ್ಮ ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಹುಡುಗ ಸೀಟ್‌ಬೆಲ್ಟ್ ಹಾಕದೆ ಕೀ ತಿರುಗಿಸುವ ಹಾಗಿಲ್ಲ. ಸಿಕ್ಕಿಬಿದ್ದರೆ ಆವತ್ತಿನ ಪಾಳಿ ಮುಗೀತು, ಸೀದಾ ಮನೆಗೆ. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದು ನನಗೂ ಅದೇ ಚಾಳಿ. ಕಾರಿನ ಹಿಂದಿನ ಸೀಟಿನಲ್ಲೂ ಬೆಲ್ಟ್ ಹುಡುಕುತ್ತೇನೆ.

ಅಂಥವನು ದೀಪಾವಳಿಗೆ ರಾಯಬಾಗದ ಕಡೆ ಊರಿಗೆ ಹೋದಾಗ ಏನು ಮಾಡಿದೆ? ತಮ್ಮನ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತೆ. ತೊಡೆ ಮೇಲೆ ಅವನ ಆರು ವರ್ಷದ ಮಗಳು. ಪಕ್ಕದಲ್ಲೇ ದೊಡ್ಡ ಗಾಲಿ ತಿರುಗುತ್ತಿತ್ತು. ತಗ್ಗು ಬಂದು ಕುಲುಕಿದಾಗ ಹಿಡಿಯಲು ಸಿಕ್ಕಿದ್ದು ಹಾಡಿನ ಬಾಕ್ಸ್ ಒಂದೇ.

ಹೊಲದಲ್ಲಿ ಮಣ್ಣು ಪುಡಿ ಮಾಡುವ ರೋಟಾವೇಟರ್ ಹೊಡೆಯುತ್ತಿದ್ದರು. ಟ್ರ್ಯಾಕ್ಟರಿನಿಂದ ಅದಕ್ಕೆ ಹೋಗುವ ಪಿಟಿಒ ಶಾಫ್ಟಿಗೆ, ಅಂದ್ರೆ ಇಂಜಿನ್ನಿನ ಶಕ್ತಿ ಸಾಗಿಸುವ ತಿರುಗುವ ಸರಳಿಗೆ, ಪ್ಲಾಸ್ಟಿಕ್ ಕವರ್ ಇರಬೇಕು. ಗ್ರೀಸ್ ಹಚ್ಚಲು ಅಡ್ಡ ಬರುತ್ತದೆ ಅಂತ ಯಾವಾಗಲೋ ಬಿಚ್ಚಿ ಕೊಟ್ಟಿಗೆ ಮೇಲೆ ಎಸೆದಿದ್ದರು. ಕಾಕಾ ಇಂಜಿನ್ ಬಂದ್ ಮಾಡದೆ, ಬಗ್ಗಿ, ಸಿಕ್ಕಿಕೊಂಡಿದ್ದ ರವದಿ, ಅಂದ್ರೆ ಕಬ್ಬಿನ ಒಣ ಸೋಗೆ, ಎಳೆಯುತ್ತಿದ್ದರು. ಟವೆಲ್ಲಿನ ತುದಿ ಶಾಫ್ಟಿಗೆ ತಾಗಿತು. ಟವೆಲ್ ಮಾಯ! ಕೊರಳಿಗೆ ಸುತ್ತಿರಲಿಲ್ಲ, ಸುಮ್ನೆ ಹೆಗಲ ಮೇಲಿತ್ತು, ಹಾಗಾಗಿ ಕಾಕಾ ಉಳಿದರು. ಟವೆಲ್ ಹುರಿಯಂತೆ ಬಿಗಿದಿತ್ತು, ಕುಡುಗೋಲಿನಿಂದ ಕೊಯ್ದು ತೆಗೆದೆವು. ಶಾಫ್ಟ್ ತಿರುಗೋದು ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಕೈ ಹಿಂದಕ್ಕೆ ಎಳೀಬೇಕು ಅಂತ ಹೊಳೆಯುವಷ್ಟರಲ್ಲಿ ಕೈ ಇರಲ್ಲ.

ಕಾಕಾ ನಕ್ಕರು. "ಹೊಸಾದಿತ್ತೋ, ಜಾತ್ರಿಯೊಳಗ ತಗೊಂಡಿದ್ದೆ."

ನನಗೆ ನಗು ಬರಲಿಲ್ಲ. ನಮ್ಮ ಜನ ದಡ್ಡರಲ್ಲ. ಫ್ಯಾಕ್ಟರಿಯಲ್ಲಿ ಬೆಲ್ಟ್ ಹಾಕುವವರಿಗೆ ಬುದ್ಧಿ ಜಾಸ್ತಿ ಅಂತಲೂ ಅಲ್ಲ, ಅಲ್ಲಿ ಕೇಳುವವರು ಇದ್ದಾರೆ ಅಷ್ಟೇ. ಸ್ವೀಡನ್ನಿನಲ್ಲಿ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ, ಮಗುಚಿದರೂ ಡ್ರೈವರ್ ಅಡಿಗೆ ಸಿಕ್ಕದಂತೆ ಕಾಯುವ ಕಬ್ಬಿಣದ ಚೌಕಟ್ಟು ಕಡ್ಡಾಯವಾಯಿತು. ನಮ್ಮ ಟ್ರ್ಯಾಕ್ಟರಿಗೆ ಇರುವುದು ಬಿಸಿಲಿನ ಹುಡ್, ಅದಕ್ಕೊಂದಿಷ್ಟು ಗೊಂಡೆ.

ಬ್ರೇಕಿನದೂ ಅದೇ ಕಥೆ. ಎಡ ಬಲ ಎರಡು ಪೆಡಲ್. ಹೊಲದಲ್ಲಿ ತಿರುಗಿಸಲು ಬೇರೆ ಬೇರೆ ಒತ್ತಬೇಕು, ರೋಡಿಗೆ ಬಂದರೆ ಲಾಕ್ ಹಾಕಿ ಜೋಡಿಸಬೇಕು. ಇಲ್ಲದಿದ್ದರೆ ಒಂದೇ ಗಾಲಿ ಹಿಡಿದು ಗಾಡಿ ಗಿರ್ ಅಂತ ತಿರುಗುತ್ತದೆ. ತಮ್ಮನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಲಾಕ್ ಮಾತ್ರ ತುಕ್ಕು ಹಿಡಿದು ಕೂತಿದೆ.

ಪುಣೆಗೆ ವಾಪಸ್ ಬರುವಾಗ, ರಾತ್ರಿ ಕರಾಡ ದಾಟಿದ ಮೇಲೆ, ಕತ್ತಲಲ್ಲಿ ದಿಢೀರನೆ ಕಬ್ಬಿನ ಜೋಡಿ ಟ್ರಾಲಿ. ಹಿಂದೆ ಒಂದು ಲೈಟಿಲ್ಲ. ಬಾಯಿಗೆ ಬಂದಂತೆ ಬೈದೆ. ನಮ್ಮನೆ ಟ್ರಾಲಿಗೂ ಲೈಟಿಲ್ಲ ಅನ್ನೋದು ಆಮೇಲೆ ನೆನಪಾಯಿತು, ಅಲ್ವಾ!

ಹೋದ ವಾರ ಪುಣೆಯ ನಾನಾ ಪೇಠ್ ಬಜಾರಿನಲ್ಲಿ ಕೆಂಪು ರಿಫ್ಲೆಕ್ಟರ್ ಟೇಪ್ ತಗೊಂಡೆ. ಶಾಫ್ಟ್ ಕವರಿನ ಅಳತೆ ಕೇಳಲು ತಮ್ಮನಿಗೆ ಫೋನ್ ಮಾಡಿದೆ.

"ಹೊಸಾದ್ಯಾಕ ಅಣ್ಣಾ, ಕೊಟ್ಟಗಿ ಮ್ಯಾಲೆ ಐತಲ್ಲ, ಹಾಕ್ತೀನಿ. ನೀ ಬರೋವಾಗ ಬಾಕರವಡಿ ತಗೊಂಡ್ ಬಾ."

"ಕವರ್ ಹಾಕಿದ ಫೋಟೋ ಕಳಿಸು, ಆಮೇಲೆ ಬಾಕರವಡಿ" ಅಂದೆ.

ಫೋಟೋ ಇನ್ನೂ ಬಂದಿಲ್ಲ.