ಡೋಲಿನ ನಡುವೆ ಬಂದ ಪಿಟೀಲು

ವೈಜ್ಞಾನಿಕ ಕಥಾನಕದ ಧಾರಾವಾಹಿಗೆ ಕಹಳೆಗಳು ಮೊಳಗುವ ಭವ್ಯ ವಾದ್ಯವೃಂದವೇ ಜೀವಾಳ ಎಂದು ಧಾರಾವಾಹಿ ಸಂಗೀತದ ಬಗ್ಗೆ ನಾನು ಓದಿದ ಲೇಖನವೊಂದು ಹೇಳುತ್ತದೆ; ಅದರ ಲೇಖಕರ ಈ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. 1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ಅಮೆರಿಕದ ಟಿ.ವಿ. ಧಾರಾವಾಹಿಗೆ ಸ್ಟೂ ಫಿಲಿಪ್ಸ್ ರಚಿಸಿದ, ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ನುಡಿಸಿದ ಸಂಗೀತಕ್ಕೆ ಆ ಮಾತು ಸಲ್ಲುತ್ತದೆ. ಆದರೆ 2003ರಲ್ಲಿ ಅದೇ ಕಥೆ ಹೊಸ ರೂಪದಲ್ಲಿ ತೆರೆಗೆ ಬಂದಾಗ ನಿರ್ಮಾಪಕರು ಆ ಆಡಂಬರವನ್ನು ಬೇಕೆಂದೇ ದೂರವಿಟ್ಟರು. ಅದರ ಸಂಗೀತ ರಚಿಸಿದ ರಿಚರ್ಡ್ ಗಿಬ್ಸ್ ಹಾಗೂ ಅವರ ನಂತರ ಹೊಣೆ ಹೊತ್ತ ಬೇರ್ ಮೆಕ್ರಿಯರಿ ಜಪಾನಿನ ಟೈಕೊ ಡೋಲುಗಳನ್ನೂ ಆರ್ಮೇನಿಯಾದ ದುದುಕ್ ಎಂಬ ಊದುವಾದ್ಯವನ್ನೂ ಮುನ್ನೆಲೆಗೆ ತಂದರು. ಈ ಹೊಸ ಸರಣಿಯ ಶೀರ್ಷಿಕೆ ಸಂಗೀತದಲ್ಲಿ ಗಾಯತ್ರಿ ಮಂತ್ರ ಕೇಳಿಬರುತ್ತದೆ ಎಂಬುದನ್ನು ಲೇಖನ ಪ್ರಸ್ತಾಪಿಸದಿರುವುದು ನನಗೆ ಅಚ್ಚರಿ ತಂದಿತು.

ಇಷ್ಟು ಸಂಯಮದ ನಂತರವೇ, ಮೊದಲ ಸೀಸನ್ನಿನ ಅಂತಿಮ ಕಂತುಗಳಲ್ಲಿ ತಂತಿವಾದ್ಯಗಳ ‘ಪಾಸಕಾಲಿಯಾ’ ಎಂಬ ಪಾಶ್ಚಾತ್ಯ ಪ್ರಕಾರದ ರಚನೆ ಕೇಳಿಬಂದಾಗ ಅದು ಎದೆಗೆ ನಾಟುತ್ತದೆ. ತಬಲಾ ಸೋಲೋಗೆ ಹಾರ್ಮೋನಿಯಂ ಹಿಡಿಯುವ ಲೆಹರಾದಂತೆ, ಈ ಪ್ರಕಾರದಲ್ಲಿ ಕೆಳಸ್ತರದ ಒಂದು ಚಿಕ್ಕ ಸ್ವರಪಂಕ್ತಿ ಮತ್ತೆ ಮತ್ತೆ ಮರಳುತ್ತಿರುತ್ತದೆ, ಅದರ ಮೇಲೆ ಪಿಟೀಲುಗಳು ಪದರ ಪದರವಾಗಿ ಸೇರಿಕೊಳ್ಳುತ್ತವೆ. ಪ್ರತಿ ಕಂತಿನಲ್ಲೂ ಇಡೀ ವಾದ್ಯವೃಂದ ಮೊಳಗಿದ್ದರೆ ಈ ಪರಿಣಾಮ ಸಾಧ್ಯವಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ, ಫಿಲಿಪ್ಸ್ ಅವರ ಹಳೆಯ ಧಾಟಿಯನ್ನು ಹೊಸ ಸರಣಿಯು ಕೈಬಿಡಲಿಲ್ಲ; ಕಥೆಯೊಳಗಿನ ಜನರ ರಾಷ್ಟ್ರಗೀತೆಯಾಗಿ ಅದನ್ನು ಬಳಸಿಕೊಂಡಿತು.