ಹೊಂದದೆ ಉಳಿಯುವ ಎರಡೂವರೆ ದಿನ

ಬ್ರಹ್ಮಾಂಡದ ಪವಿತ್ರ ರೇಖಾಗಣಿತ ಅಂತ ಒಂದು ಚಿತ್ರ ಆಗಾಗ ಎಲ್ಲರ ಫೇಸ್‌ಬುಕ್ ಗೋಡೆ ಮೇಲೂ ಸುತ್ತುತ್ತಿರುತ್ತದೆ. ನಾಟಿಲಸ್ ಅನ್ನೋ ಕಡಲಜೀವಿಯ ಚಿಪ್ಪು, ಸೂರ್ಯಕಾಂತಿ, ಚಂಡಮಾರುತ, ಗ್ಯಾಲಕ್ಸಿ, ಎಲ್ಲದರ ಮೇಲೂ ಒಂದೇ ಚಿನ್ನದ ಬಣ್ಣದ ಸುರುಳಿ. ಕೆಳಗೆ 1.618 ಅನ್ನೋ ಸುವರ್ಣ ಅನುಪಾತ. ಇಡೀ ಸೃಷ್ಟಿ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ ಅಂತ ಒಕ್ಕಣೆ.

ಅದನ್ನು ಹಂಚಿಕೊಳ್ಳುವವರ ಬೆರಗು ನನಗೂ ಅಷ್ಟೇ ಇದೆ. ಆಕಾಶದಲ್ಲಿ ಗಣಿತ ಇದೆ ಅನ್ನೋದರಲ್ಲಿ ಅನುಮಾನವೇ ಇಲ್ಲ. ನನ್ನ ತಕರಾರು ಇಷ್ಟೇ: ಪವಿತ್ರ ಅಂತ ಕೈಮುಗಿದ ಮೇಲೆ ಅದನ್ನು ನಮಗೆ ಬೇಕಾದ ಹಾಗೆ ತಿದ್ದಬಾರದು ಅಲ್ವಾ? ನಾಟಿಲಸ್ ಚಿಪ್ಪನ್ನೇ ತಗೊಳ್ಳಿ. ಅದರ ಸುರುಳಿ ಒಂದು ಪೂರ್ತಿ ಸುತ್ತಿಗೆ ಸುಮಾರು ಮೂರು ಪಟ್ಟು ಅಗಲವಾಗುತ್ತದೆ. ಸುವರ್ಣ ಸುರುಳಿ ಆಗಬೇಕಾದರೆ ಕಾಲು ಸುತ್ತಿಗೆ 1.618 ಪಟ್ಟು, ಅಂದರೆ ಪೂರ್ತಿ ಸುತ್ತಿಗೆ ಸುಮಾರು 6.85 ಪಟ್ಟು ಆಗಬೇಕು. ಎರಡಕ್ಕೂ ಅಜಗಜಾಂತರ. ಆದರೂ ಚಿತ್ರದಲ್ಲಿ ಹೊಂದಿಕೊಂಡ ಹಾಗೆ ಕಾಣುತ್ತದೆ. ಗೆರೆ ದಪ್ಪ ಮಾಡಿ, ಸ್ವಲ್ಪ ತಿರುಗಿಸಿ, ಹೊಂದದ ಭಾಗ ಕತ್ತರಿಸಿದರೆ ಯಾವುದನ್ನು ಬೇಕಾದರೂ ಹೊಂದಿಸಬಹುದು. ಆ ಕತ್ತರಿಸಿದ ಭಾಗದ ಮೇಲೆ ನನಗೆ ಜಾಸ್ತಿ ಪ್ರೀತಿ. ಲೆಕ್ಕಕ್ಕೆ ಸಿಗದೆ ಉಳಿಯುತ್ತದಲ್ಲ, ಆ ಚೂರು. ಆಕಾಶ ತನ್ನ ಗುಟ್ಟನ್ನು ಮತ್ತೆ ಮತ್ತೆ ಬಿಟ್ಟುಕೊಟ್ಟಿದ್ದು ಅಲ್ಲೇ.

ಖಗೋಳ ವಿಜ್ಞಾನಿ ಕೆಪ್ಲರ್‌ನ ಕಥೆ ನೋಡಿ. ಅವನಷ್ಟು ಭಕ್ತಿಯಿಂದ ಆಕಾಶದಲ್ಲಿ ರೇಖಾಗಣಿತ ಹುಡುಕಿದವರು ಕಡಿಮೆ. ಆಗ ಗೊತ್ತಿದ್ದದ್ದು ಭೂಮಿಯೂ ಸೇರಿ ಆರು ಗ್ರಹ. ಆರೇ ಯಾಕೆ? ಎಲ್ಲ ಮುಖ, ಅಂಚು, ಮೂಲೆಗಳೂ ಒಂದೇ ಸಮ ಇರುವ ಪ್ಲೇಟೋನಿಕ್ ಘನಗಳು ಇರುವುದು ಐದೇ. ಆರು ಗ್ರಹಗಳ ನಡುವಿನ ಐದು ಸಂದಿಗಳಿಗೆ ಐದು ಘನ! 1596ರಲ್ಲಿ ಇದನ್ನೇ ಪುಸ್ತಕ ಮಾಡಿದ. ಎಷ್ಟು ಚೆಂದದ ಯೋಚನೆ, ಈಗ ಓದಿದರೂ ಮನಸ್ಸು ಸೋಲುತ್ತದೆ.

ಆಮೇಲೆ ಹಿರಿಯ ಖಗೋಳ ವೀಕ್ಷಕ ಟೈಕೋ ಬ್ರಾಹೆ ಅಳೆದು ಬರೆದಿಟ್ಟಿದ್ದ ಮಂಗಳನ ಲೆಕ್ಕಗಳು ಅವನ ಕೈಗೆ ಬಂದವು. ವರ್ಷಗಟ್ಟಲೆ ಕೂತು ವೃತ್ತದ ದಾರಿಗೆ ಮಂಗಳನನ್ನು ಹೊಂದಿಸಿದ. ಎಲ್ಲ ಸರಿಬಂತು, ಒಂದು ಕಡೆ 8 ಕಲೆಯಷ್ಟು ಬಿಟ್ಟು. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಅದರಲ್ಲಿ 8 ಭಾಗ. ಹುಣ್ಣಿಮೆ ಚಂದ್ರನ ಅಗಲದಲ್ಲಿ ಕಾಲು ಭಾಗ ಅಂದುಕೊಳ್ಳಿ. ಬೇರೆ ಯಾರಾದರೂ ಇಷ್ಟು ಸಾಕು ಅಂತ ಕೈತೊಳೆದುಕೊಳ್ಳುತ್ತಿದ್ದರು. ಟೈಕೋ ಅಷ್ಟು ತಪ್ಪು ಅಳೆಯುವವನಲ್ಲ ಅಂತ ಕೆಪ್ಲರ್‌ಗೆ ಗೊತ್ತಿತ್ತು. ಎರಡು ಸಾವಿರ ವರ್ಷದಿಂದ ಪೂಜೆ ಮಾಡಿಸಿಕೊಂಡು ಬಂದಿದ್ದ ವೃತ್ತವನ್ನೇ ಕೈಬಿಟ್ಟ. 1609ರಲ್ಲಿ ಗ್ರಹಗಳ ದಾರಿ ದೀರ್ಘವೃತ್ತ ಅಂತ ಜಗತ್ತಿಗೆ ಹೇಳಿದ. ಐದು ಘನಗಳ ಮೇಲಿನ ಆಸೆಯನ್ನು ಮಾತ್ರ ಕೊನೆವರೆಗೂ ಬಿಡಲಿಲ್ಲ, 1621ರಲ್ಲಿ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ. 1781ರಲ್ಲಿ ಏಳನೇ ಗ್ರಹ ಯುರೇನಸ್ ಸಿಕ್ಕಾಗ ಆರೇ ಯಾಕೆ ಅನ್ನೋ ಪ್ರಶ್ನೆಯೇ ಬಿದ್ದುಹೋಯಿತು. ದೀರ್ಘವೃತ್ತ ಉಳಿಯಿತು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಶುಕ್ರನ ಹೂವು. ಭೂಮಿ ಸೂರ್ಯನಿಗೆ 8 ಸುತ್ತು ಬರುವಷ್ಟರಲ್ಲಿ ಶುಕ್ರ ಹೆಚ್ಚುಕಡಿಮೆ 13 ಸುತ್ತು ಬಂದಿರುತ್ತದೆ. ಅಷ್ಟರಲ್ಲಿ 5 ಸಲ ನಮಗೂ ಸೂರ್ಯನಿಗೂ ನಡುವೆ ಹಾದುಹೋಗಿರುತ್ತದೆ. ಆ ಐದು ಜಾಗಗಳನ್ನು ವೃತ್ತದ ಮೇಲೆ ಗುರುತು ಮಾಡಿ, ಬಂದ ಸಾಲಿನಲ್ಲೇ ಗೆರೆ ಎಳೆದರೆ ಐದು ಮೂಲೆಯ ನಕ್ಷತ್ರ ಮೂಡುತ್ತದೆ. ಭೂಮಿಯಿಂದ ನೋಡಿದ ಹಾಗೆ ಪೂರ್ತಿ ದಾರಿ ಬಿಡಿಸಿದರೆ ಐದು ಎಸಳಿನ ಹೂವು. 5, 8, 13 ಮೂರೂ ಫಿಬೊನಾಚಿ ಸಂಖ್ಯೆಗಳೇ, ಅಂದರೆ ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಸಾಲಿನವು. ಇದು ಯಾರೋ ಕಟ್ಟಿದ ಕಥೆಯಲ್ಲ, ಕಾಗದ ಪೆನ್ಸಿಲ್ ಹಿಡಿದು ನೀವೇ ಬಿಡಿಸಬಹುದು.

ಆದರೆ ಲೆಕ್ಕ ಪೂರ್ತಿ ಮಾಡಿ. ಶುಕ್ರ ಒಮ್ಮೆ ನಡುವೆ ಬಂದು ಮತ್ತೆ ಬರುವುದಕ್ಕೆ ಸರಾಸರಿ 583.92 ದಿನ. ಐದರಿಂದ ಗುಣಿಸಿದರೆ 2919.6. ಎಂಟು ವರ್ಷಕ್ಕೆ 2922 ದಿನ. ಹತ್ತಿರ ಹತ್ತಿರ ಎರಡೂವರೆ ದಿನ ವ್ಯತ್ಯಾಸ. ಹೂವು ಮುಚ್ಚಿಕೊಳ್ಳುವುದೇ ಇಲ್ಲ. ಪ್ರತಿ ಎಂಟು ವರ್ಷಕ್ಕೊಮ್ಮೆ ಚೂರು ಹಿಂದಕ್ಕೆ ಜಾರುತ್ತದೆ.

ಆ ಎರಡೂವರೆ ದಿನದ ಪರಿಣಾಮವನ್ನು ನಾವೇ ನೋಡಿದ್ದೇವೆ. 2004ರ ಜೂನ್ 8ಕ್ಕೆ ಶುಕ್ರ ಸೂರ್ಯನ ಬಿಲ್ಲೆಯ ಮೇಲೆ ಕಪ್ಪು ಚುಕ್ಕೆಯಾಗಿ, ದಕ್ಷಿಣದ ಅರ್ಧದಲ್ಲಿ ಹಾದುಹೋಯಿತು. ಎಂಟು ವರ್ಷದ ನಂತರ, 2012ರ ಜೂನ್ 6ಕ್ಕೆ, ಮತ್ತೆ ಬಂತು. ಈ ಸಲ ಉತ್ತರದ ಅರ್ಧದಲ್ಲಿ. ಹೂವು ಕರಾರುವಾಕ್ಕಾಗಿ ಇದ್ದಿದ್ದರೆ 2012ರಲ್ಲೂ 2004ರ ಗೆರೆಯ ಮೇಲೇ ಬರಬೇಕಿತ್ತು, 2020ರಲ್ಲೂ. 2020ರ ಜೂನ್ 3ಕ್ಕೆ ಶುಕ್ರ ಸೂರ್ಯನ ಬಿಲ್ಲೆಯನ್ನು ತಾಗದೆ, ಪಕ್ಕದಲ್ಲೇ ದಾಟಿಹೋಯಿತು.

1639ರಲ್ಲಿ ಇದರ ಉಲ್ಟಾ ಆಯಿತು. ಆ ವರ್ಷ ಶುಕ್ರ ಸ್ವಲ್ಪದರಲ್ಲೇ ತಪ್ಪಿಹೋಗುತ್ತದೆ ಅಂತ ಕೆಪ್ಲರ್‌ನ ಕೋಷ್ಟಕಗಳು ಹೇಳಿದ್ದವು. ಜೆರೆಮಯಾ ಹೊರಾಕ್ಸ್ ಅನ್ನೋ ಇಂಗ್ಲೆಂಡಿನ ಹುಡುಗ, ವಯಸ್ಸು ಇಪ್ಪತ್ತರ ಆಸುಪಾಸು, ಕೋಷ್ಟಕಗಳ ಆ ಸಣ್ಣ ತಪ್ಪನ್ನು ತಿದ್ದಿ, ಇಲ್ಲ, ಸಂಕ್ರಮಣ (ಶುಕ್ರ ಸೂರ್ಯನ ಬಿಲ್ಲೆಯ ಮೇಲೆ ಹಾದುಹೋಗುವುದು) ಆಗೇ ಆಗುತ್ತದೆ ಅಂತ ಲೆಕ್ಕ ಹಾಕಿದ. ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸಿಕೊಂಡು ಕಾದ. ಚುಕ್ಕೆ ಬಂತು. ಅದನ್ನು ನೋಡಿದವರು ಅವನು ಮತ್ತು ಅವನ ಗೆಳೆಯ ವಿಲಿಯಂ ಕ್ರ್ಯಾಬ್‌ಟ್ರೀ, ಅಷ್ಟೇ. ಕೆಪ್ಲರ್‌ನನ್ನು ನಿಜವಾಗಿ ಗೌರವಿಸುವುದು ಅಂದರೆ ಇದೇ ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಎಲ್ಲ ವಿನ್ಯಾಸವೂ ಜಾರುವಂಥದ್ದಲ್ಲ. ಗುರುವಿನ ಚಂದ್ರ ಅಯೋ 4 ಸುತ್ತು ಬರುವಾಗ ಯೂರೋಪಾ 2, ಗ್ಯಾನಿಮೀಡ್ 1. ಇಲ್ಲಿ ಒಂದನ್ನೊಂದು ಗುರುತ್ವದಿಂದ ಬಿಗಿಯಾಗಿ ಹಿಡಿದಿವೆ. ಶುಕ್ರನಿಗೂ ಭೂಮಿಗೂ ಅಂಥ ಬೀಗ ಇಲ್ಲ. ಈ ಹಿಡಿತದಿಂದಲೇ ಅಯೋ ದಾರಿ ಪೂರ್ತಿ ಗುಂಡಗಾಗಲು ಆಗುತ್ತಿಲ್ಲ. ಗುರುವಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ. ಹಿಂಡಿಸಿಕೊಂಡು ಒಳಗೆಲ್ಲ ಕಾದು ಕರಗುತ್ತದೆ. 1979ರ ಮಾರ್ಚ್‌ನಲ್ಲಿ ಮೂವರು ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿ ಹೇಳಿದ ಕೆಲವೇ ದಿನಕ್ಕೆ ವಾಯೇಜರ್ 1 ಬಾಹ್ಯಾಕಾಶ ನೌಕೆ ಅಲ್ಲಿ ಜ್ವಾಲಾಮುಖಿಗಳು ಚಿಮ್ಮುವುದನ್ನು ಕಂಡಿತು. 4, 2, 1 ಅನ್ನೋ ಮೂರು ಅಂಕಿಗಳ ಹಿಂದೆ ಅಷ್ಟು ಬೆಂಕಿ ಇತ್ತು. ಶನಿಯ ಉತ್ತರ ಧ್ರುವದ ಷಟ್ಕೋನವೂ ಹಾಗೇ. ಒಂದೊಂದು ಬದಿ ಸುಮಾರು 14,500 ಕಿಲೋಮೀಟರ್, ಭೂಮಿಯ ವ್ಯಾಸಕ್ಕಿಂತ ಜಾಸ್ತಿ. ಅದು ಸುತ್ತುವ ಗಾಳಿಯ ಹರಿವು. ಪ್ರಯೋಗಾಲಯದಲ್ಲಿ ತಿರುಗುವ ನೀರಿನಲ್ಲೂ ಇಂಥ ಬಹುಭುಜಗಳನ್ನು ಮೂಡಿಸಿದ್ದಾರೆ.

ಸೂರ್ಯಕಾಂತಿಯ ವಿಷಯದಲ್ಲಿ ಮಾತ್ರ ಆ ಚಿನ್ನದ ಸುರುಳಿಯವರ ಮಾತು ಬಹುಪಾಲು ಸರಿ. ಒಂದು ಮೊಗ್ಗಿಗೂ ಮುಂದಿನದಕ್ಕೂ ಸುಮಾರು 137.5 ಡಿಗ್ರಿ, ಅದು ಸುವರ್ಣ ಅನುಪಾತದ್ದೇ ಕೋನ: ಇಡೀ ವೃತ್ತವನ್ನು ಆ ಅನುಪಾತದಲ್ಲಿ ಎರಡು ಭಾಗ ಮಾಡಿದರೆ ಸಿಗುವ ಚಿಕ್ಕ ಭಾಗ. ಕಾರಣವೂ ಇದೆ: ಹೊಸ ಮೊಗ್ಗು ಜಾಸ್ತಿ ಜಾಗ ಖಾಲಿ ಇರುವ ಕಡೆ ಹುಟ್ಟುತ್ತದೆ. 1992ರಲ್ಲಿ ಡುವಾಡಿ ಮತ್ತು ಕೂಡೆ ಅನ್ನೋ ಇಬ್ಬರು ಭೌತವಿಜ್ಞಾನಿಗಳು ಒಂದನ್ನೊಂದು ದೂರ ತಳ್ಳುವ ಕಾಂತೀಯ ಹನಿಗಳನ್ನು ಒಂದೊಂದಾಗಿ ಬೀಳಿಸಿ, ಜೀವವೇ ಇಲ್ಲದ ತಟ್ಟೆಯಲ್ಲಿ ಅದೇ ಸುರುಳಿಗಳನ್ನು ಮೂಡಿಸಿ ತೋರಿಸಿದರು.

ಹಂಚಿಕೊಳ್ಳಿ, ಬೇಡ ಅನ್ನುವುದಿಲ್ಲ. ಹಂಚುವ ಮೊದಲು ಎಷ್ಟು ಹೊಂದುತ್ತದೆ, ಎಷ್ಟು ಹೊಂದುವುದಿಲ್ಲ ಅಂತ ಒಮ್ಮೆ ಅಳೆದು ನೋಡಿ. ಸ್ಟೆಲ್ಲೇರಿಯಂ ಅನ್ನೋ ಉಚಿತ ತಂತ್ರಾಂಶ ಕಂಪ್ಯೂಟರ್‌ಗೆ ಹಾಕಿಕೊಂಡು, ಸೂರ್ಯನನ್ನು ದೊಡ್ಡದಾಗಿಸಿ, ಮೇಲೆ ಹೇಳಿದ 2004, 2012, 2020ರ ಮೂರು ತಾರೀಖುಗಳಿಗೆ ಹೋಗಿ ಗಂಟೆಗಳನ್ನು ಮುಂದಕ್ಕೆ ಓಡಿಸಿ. ನೆಲ ಅಡ್ಡ ಬಂದರೆ ಅದನ್ನು ಮರೆಮಾಡುವ ಆಯ್ಕೆಯೂ ಇದೆ. ಮುಂದಿನ ಶುಕ್ರ ಸಂಕ್ರಮಣ 2117ರ ಡಿಸೆಂಬರ್‌ನಲ್ಲಿ, ಅದನ್ನೂ ಅದರಲ್ಲೇ ನೋಡಬಹುದು.