ಕಲೆಕ್ಟರ್ ಮಗಳು ಮತ್ತು ಮದುವೆ ಕುದುರೆ

ಆ ಟ್ರೈಲರ್ ನೀವೂ ನೋಡಿರುತ್ತೀರಿ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ, ಬಸ್ಸಿನ ಹಿಂದೆಯೂ ಅದೇ ಪೋಸ್ಟರ್. 1942, ಶಿವಮೊಗ್ಗ ಕಡೆಯ ಹಳ್ಳಿ. ಹೀರೋ ಚಳವಳಿಗಾರ, ಹೀರೋಯಿನ್ ಬ್ರಿಟಿಷ್ ಕಲೆಕ್ಟರ್ ಮಗಳು. ಕೆಳಗೆ ದಪ್ಪಕ್ಷರದಲ್ಲಿ 'ನೈಜ ಘಟನೆ'.

ಎಂಥಾ ಸಂಶೋಧನೆ! ಮೈಸೂರು ಸಂಸ್ಥಾನದ ಜಿಲ್ಲೆಯಲ್ಲಿ ಕಲೆಕ್ಟರ್ ಎಂಬ ಹುದ್ದೆಯೇ ಇರಲಿಲ್ಲ. ಡೆಪ್ಯುಟಿ ಕಮಿಷನರ್ ಇದ್ದರು. ಇಲ್ಲದ ಕಲೆಕ್ಟರಿಗೆ ಮಗಳನ್ನು ಹುಟ್ಟಿಸಿದ್ದಾರೆ. ಹೀರೋ ಕೈಯ ಬಾವುಟದಲ್ಲಿ ಅಶೋಕ ಚಕ್ರ ಬೇರೆ. ಅದು ಬಂದದ್ದು 1947ರ ಜುಲೈಯಲ್ಲಿ, 1942ರಲ್ಲಿ ಇದ್ದದ್ದು ಚರಕ. ಪ್ರೀತಿಗೆ ಕಣ್ಣಿಲ್ಲ ಅಂತಾರಲ್ಲ, ಕ್ಯಾಲೆಂಡರೂ ಇಲ್ಲ.

ನನಗೆ ಇಷ್ಟವಾದದ್ದು ಕುದುರೆ. ಅರಮನೆ ಮೈದಾನದ ಮದುವೆಗಳಲ್ಲಿ ಅದನ್ನು ನೋಡಿದ ನೆನಪು. ಕಲೆಕ್ಟರ್ ಮಗಳನ್ನು ಹೊತ್ತು ಓಡುವಾಗಲೂ ಹಣೆಯ ಮೇಲೆ ಜರಿ ಕುಚ್ಚು ಕುಣಿಯುತ್ತಿದೆ, ಬಿಚ್ಚಲು ಮರೆತಿದ್ದಾರೆ. ಬ್ಯಾಂಡಿನವರು ಬರಲಿಲ್ಲವಲ್ಲ ಎಂಬ ಚಿಂತೆ ಅದರ ಮುಖದಲ್ಲಿ. ಇಡೀ ಟ್ರೈಲರಿನಲ್ಲಿ ನಟನೆ ಅಂತ ಇರೋದು ಅಷ್ಟೇ.

ಊರಿನ ಹೆಸರು ಬದಲಾಯಿಸಿದ್ದಾರೆ. ಆದರೆ ಅದು ಈಸೂರು ಅಂತ ಯಾರಿಗೆ ಗೊತ್ತಾಗಲ್ಲ? 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದ ಊರು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಕಟ್ಟಿ, ಇನ್ನು ನಮ್ಮದೇ ಸರ್ಕಾರ ಅಂತ ಚಿಕ್ಕ ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್‌ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದ ಊರು. ಅಲ್ಲಿ ಎದುರು ಪಕ್ಷದವರು ಯಾರು? ಅಮಲ್ದಾರ ಚನ್ನಕೃಷ್ಣಪ್ಪ, ಸಬ್‌ಇನ್ಸ್‌ಪೆಕ್ಟರ್ ಕೆಂಚೇಗೌಡ. ಇಬ್ಬರೂ ಊರಿನವರ ಜೊತೆಗಿನ ಗಲಾಟೆಯಲ್ಲಿ ಸತ್ತರು. ಆ ಕೇಸಿನಲ್ಲಿ ಊರಿನ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ನೇಣಿಗೆ ಹಾಕಿದರು. ಸತ್ತವರೂ ನಮ್ಮವರು, ಸಾಯಿಸಿದವರೂ ನಮ್ಮವರು. ಇದರಲ್ಲಿ ಬಿಳಿ ಹುಡುಗಿಯನ್ನು ಎಲ್ಲಿ ತುರುಕುತ್ತೀರಿ?

ಎರಡು ಪಕ್ಷದ ನಡುವೆ ಪ್ರೀತಿ ಬೇಕೇ ಬೇಕಿತ್ತಾ? ಪೊಲೀಸನ ತಂಗಿಯನ್ನು ಚಳವಳಿಗಾರನಿಗೆ ಕೊಟ್ಟು ಮದುವೆ ಮಾಡಿಸಿ. ಹಬ್ಬಕ್ಕೆ ಭಾವ, ಭಾಮೈದ ಎದುರುಬದುರು ಎಲೆ ಹಾಕಿಕೊಂಡು ಕೂತಿರಲಿ. ಅವಳು ಯಾರಿಗೆ ಮೊದಲು ಅನ್ನ ಬಡಿಸಬೇಕು? ಬರೆಯಿರಿ ನೋಡೋಣ. ಬರೆಯಲ್ಲ. ಅದಕ್ಕೆ ವಿಗ್ ಬೇಕಾಗಲ್ಲ, ಸ್ವಲ್ಪ ಓದಬೇಕಾಗುತ್ತದೆ. ಐದು ಜನರ ಕೊರಳಿಗೆ ಹಗ್ಗ ಬಿದ್ದದ್ದು ನಿಮ್ಮ ಡ್ಯುಯೆಟ್‌ಗೆ ಲೊಕೇಶನ್ ಆಗಲಿ ಅಂತ ಅಲ್ಲ ಸ್ವಾಮಿ.

ಆ ಜೈಲೇ ಈಗಿನ ಫ್ರೀಡಂ ಪಾರ್ಕ್. ನಿನ್ನೆ ಆ ಕಡೆಯಿಂದ ಆಟೋದಲ್ಲಿ ಬರುವಾಗ ಸಿಗ್ನಲ್ ಬಿತ್ತು. ಮುಂದೆ ನಿಂತ ಬಸ್ಸಿನ ಹಿಂದೆ ಅದೇ ಪೋಸ್ಟರ್. ಕುಚ್ಚು ಕಟ್ಟಿಕೊಂಡ ಕುದುರೆ ಮೂರು ನಿಮಿಷ ನನ್ನನ್ನೇ ನೋಡಿತು.